ಕೊಲಾಬಾ ಬಿಟ್ಟ ಅಯಸ್ಕಾಂತಗಳು

ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮ್ ಶುರುವಾದದ್ದು 1874ರಲ್ಲಿ. ಅದರಿಂದ ಕೊಲಾಬಾ ವೀಕ್ಷಣಾಲಯಕ್ಕೆ ತೊಂದರೆಯೇನೂ ಆಗಲಿಲ್ಲ. ಆದರೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಟ್ರಾಮನ್ನು ವಿದ್ಯುತ್ತಿನಿಂದ ಓಡಿಸುವ ತೀರ್ಮಾನವಾದಾಗ, ಅಲ್ಲಿನ ನಿರ್ದೇಶಕರಾಗಿದ್ದ ನಾನಾಭಾಯಿ ಆರ್ದೇಶಿರ್ ಫ್ರಾಮ್‌ಜಿ ಮೂಸ್ ಭೂಮಿಯ ಕಾಂತಕ್ಷೇತ್ರ ಅಳೆಯುವ ತಮ್ಮ ಅಯಸ್ಕಾಂತಗಳಿಗೆ ಬೇರೆ ನೆಲೆ ಹುಡುಕಬೇಕಾಯಿತು.

ಕಾರಣ ಹತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ನಾನು ಬಹಳ ಕಾಲ ಆ ಪಾಠ ಮಾಡಿದ್ದೇನೆ. ದಿಕ್ಸೂಚಿಯ ಮೇಲೆ ಉತ್ತರ-ದಕ್ಷಿಣವಾಗಿ ತಾಮ್ರದ ತಂತಿ ಹಿಡಿದು, ಅದರ ತುದಿಗಳನ್ನು ಸೆಲ್ಲಿಗೆ ತಾಗಿಸಿದರೆ ಮುಳ್ಳು ತಟ್ಟನೆ ಪಕ್ಕಕ್ಕೆ ಹೊರಳುತ್ತದೆ. ಸೆಲ್ಲನ್ನು ತಿರುಗಿಸಿ ಹಾಕಿದರೆ ಇನ್ನೊಂದು ಕಡೆಗೆ. 1820ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅರ್ಸ್ಟೆಡ್ ಕಂಡದ್ದು ಇದನ್ನೇ. ಮಕ್ಕಳು ಪರೀಕ್ಷೆಯಲ್ಲಿ ಇದನ್ನು ತಪ್ಪಿಲ್ಲದೆ ಬರೆಯುತ್ತಾರೆ. ಇದೇ ಕಾರಣಕ್ಕೆ ತಮ್ಮ ಊರಿನ ವೀಕ್ಷಣಾಲಯವೊಂದರ ಕಾಂತೀಯ ಅಳತೆಯ ಕೆಲಸವೇ ಕೊಲ್ಲಿಯ ಆಚೆ ದಡಕ್ಕೆ ಹೋಯಿತೆಂಬುದು ಅವರಿಗೆ ಗೊತ್ತಿಲ್ಲ. ನನಗೆ ನೋವಿರುವುದು ಇದರ ಬಗ್ಗೆ.

ಕೊಲಾಬಾ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕಟ್ಟಿಸಿತು. ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಕೆಲಸ 1841ರಲ್ಲಿ ಆರಂಭವಾಯಿತು. ನೂಲಿನಲ್ಲಿ ತೂಗುಬಿಟ್ಟ ಅಯಸ್ಕಾಂತ, ಅದಕ್ಕೊಂದು ಪುಟ್ಟ ಕನ್ನಡಿ, ದೂರದಲ್ಲಿ ಒಂದು ದೂರದರ್ಶಕ ಮತ್ತು ಅಳತೆಪಟ್ಟಿ. ಅಯಸ್ಕಾಂತ ಕೂದಲೆಳೆಯಷ್ಟು ತಿರುಗಿದರೂ ಕನ್ನಡಿಯಲ್ಲಿ ಕಾಣುವ ಅಂಕಿ ಸರಿಯುತ್ತಿತ್ತು. ಸಿಬ್ಬಂದಿ ಹಗಲೂ ರಾತ್ರಿ ಕಣ್ಣಿಟ್ಟು ಅದನ್ನು ಬರೆದುಕೊಳ್ಳುತ್ತಿದ್ದರು.

ಆ ಶ್ರಮಕ್ಕೆ ದೊಡ್ಡ ಫಲ ಸಿಕ್ಕಿದ್ದು 1859ರಲ್ಲಿ. ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್‌ಟನ್ ಸೂರ್ಯನ ಮೇಲೊಂದು ಭಾರಿ ಜ್ವಾಲೆಯನ್ನು ಕಂಡರು. ಹದಿನೆಂಟು ಗಂಟೆಯೊಳಗೆ ಕಾಂತೀಯ ಬಿರುಗಾಳಿ ಭೂಮಿಗೆ ಬಡಿಯಿತು. ಸೆಪ್ಟೆಂಬರ್ 2ರ ಬೆಳಗ್ಗೆ ಕೊಲಾಬಾದ ದಾಖಲೆಯಲ್ಲಿ ಭೂಕ್ಷೇತ್ರದ ಅಡ್ಡ ಘಟಕ ಸುಮಾರು 1,600 ನ್ಯಾನೊಟೆಸ್ಲಾ ಕುಸಿಯಿತು. ಅದೇ ಬಿರುಗಾಳಿಯಲ್ಲಿ ಅಮೆರಿಕದಲ್ಲಿ ಬ್ಯಾಟರಿ ಕಳಚಿದ್ದರೂ ತಂತಿ ಸಂದೇಶಗಳು ಹೋಗುತ್ತಿದ್ದವು. ಕ್ಷೇತ್ರ ಬದಲಾದರೆ ತಂತಿಯಲ್ಲಿ ಪ್ರವಾಹ ಹುಟ್ಟುತ್ತದೆ ಎಂದು 1831ರಲ್ಲಿ ಫ್ಯಾರಡೆ ತೋರಿಸಿದ್ದನ್ನು ಸೂರ್ಯನೇ ಮಾಡಿ ತೋರಿಸಿದ್ದ. ಇವತ್ತು ಆ ಬಿರುಗಾಳಿಯ ಬಲವನ್ನು ಲೆಕ್ಕ ಹಾಕುವ ವಿಜ್ಞಾನಿಗಳು ಕೊಲಾಬಾದ ಆ ಅಂಕಿಗಳಿಗೇ ಮರಳುತ್ತಾರೆ.

ಇಂಥ ದಾಖಲೆಯ ಪಕ್ಕದಲ್ಲಿ ವಿದ್ಯುತ್ ಟ್ರಾಮ್ ಓಡಿದರೆ? ನೂರು ಆಂಪಿಯರ್ ಹರಿಯುವ ಉದ್ದನೆಯ ನೇರ ತಂತಿ ಒಂದು ಮೀಟರ್ ದೂರದಲ್ಲಿ 20,000 ನ್ಯಾನೊಟೆಸ್ಲಾ ಕ್ಷೇತ್ರ ಉಂಟುಮಾಡುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿ 20. ಶಾಲೆಯ ದಿಕ್ಸೂಚಿಗೆ ಈ 20 ಲೆಕ್ಕಕ್ಕೇ ಇಲ್ಲ, ವೀಕ್ಷಣಾಲಯಕ್ಕೆ ಅದು ಸಹಿಸಲಾಗದ ಗದ್ದಲ. ಮೇಲಿನ ತಂತಿಯಲ್ಲಿ ಹೋದ ಪ್ರವಾಹವೆಲ್ಲ ಕೆಳಗಿನ ಹಳಿಯಲ್ಲೇ ವಾಪಸಾದರೆ ಎರಡರ ಕ್ಷೇತ್ರಗಳು ದೂರದಲ್ಲಿ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ, ನಿಜ. ಆದರೆ ಹಳಿಯಿಂದ ಒಂದಷ್ಟು ಪ್ರವಾಹ ಮಣ್ಣಿಗೆ ಸೋರಿ ಎಲ್ಲೆಲ್ಲೋ ಹರಡಿಕೊಳ್ಳುತ್ತದೆ. ಟ್ರಾಮ್ ಹೊರಟಾಗ, ನಿಂತಾಗ ಅದು ಏರಿಳಿಯುತ್ತದೆ.

ಹೀಗಾಗಿ ಸುಮಾರು 30 ಕಿಲೋಮೀಟರ್ ದೂರದ ಅಲಿಬಾಗ್ ಆಯ್ಕೆಯಾಯಿತು. ಅಲ್ಲಿನ ಕಟ್ಟಡಕ್ಕೆ ಕಾಂತಗುಣವಿಲ್ಲದ ಪೋರಬಂದರಿನ ಕಲ್ಲು ತರಿಸಿದರು. ಕಬ್ಬಿಣವನ್ನು ದೂರವಿಟ್ಟು ತಾಮ್ರ, ಹಿತ್ತಾಳೆ ಬಳಸಿದರು. ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಮೂಸ್ ಅವರ ತಾಳ್ಮೆ. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು, ಎರಡರ ನಡುವಿನ ವ್ಯತ್ಯಾಸವನ್ನು ಗೊತ್ತುಮಾಡಿಕೊಂಡರು. ಹಳೆಯ ಸರಣಿ ಎಲ್ಲೂ ತುಂಡಾಗಲಿಲ್ಲ. ಆಮೇಲೆ, 1907ರ ಮೇ 7ರಂದು, ಮುಂಬಯಿಯಲ್ಲಿ ಮೊದಲ ವಿದ್ಯುತ್ ಟ್ರಾಮ್ ಓಡಿತು. ಕೊಲಾಬಾದ ದಶಕಗಳ ಅಳತೆಗಳನ್ನು ಮೂಸ್ 1910ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಊರಿಗೆ ಟ್ರಾಮೂ ಬೇಕಿತ್ತು, ಜಗತ್ತಿಗೆ ಆ ದಾಖಲೆಯೂ ಬೇಕಿತ್ತು. ಎರಡನ್ನೂ ಉಳಿಸಿಕೊಟ್ಟ ವ್ಯಕ್ತಿಯ ಹೆಸರು ನಮ್ಮ ಪಠ್ಯಗಳಲ್ಲಿ ಒಮ್ಮೆಯಾದರೂ ಬರಬೇಕು.

ಮುಂಬಯಿಯ ಟ್ರಾಮ್ 1964ರಲ್ಲಿ ನಿಂತುಹೋಯಿತು. ಅಲಿಬಾಗಿನ ಕೆಲಸ ಈಗ ಭಾರತೀಯ ಭೂಕಾಂತತ್ವ ಸಂಸ್ಥೆಯ ಕೈಯಲ್ಲಿ ಮುಂದುವರಿದಿದೆ. ಮುಂಬಯಿಯ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ಕೋರಿಕೆ: ಕಾಂತತ್ವದ ಪಾಠ ಬಂದಾಗ ಸಂಸ್ಥೆಗೊಂದು ಪತ್ರ ಬರೆದು ಅನುಮತಿ ಕೇಳಿ, ಮಕ್ಕಳನ್ನು ಗೇಟ್‌ವೇಯಿಂದ ಮಾಂಡವಾ ಬೋಟು ಹತ್ತಿಸಿ ಅಲಿಬಾಗಿಗೆ ಕರೆದುಕೊಂಡು ಹೋಗಿ. ದಿಕ್ಸೂಚಿ, ತಂತಿ, ಸೆಲ್ಲಿನ ಪ್ರಯೋಗವನ್ನು ಹಿಂದಿನ ದಿನವೇ ತರಗತಿಯಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿರಿ.