ಸ್ಕೈಲ್ಯಾಬ್ ಬಿದ್ದ ವರ್ಷ

ಅರವತ್ತರ ಆಚೀಚಿನ ಯಾರನ್ನಾದರೂ ‘ಸ್ಕೈಲ್ಯಾಬ್ ನೆನಪಿದೆಯಾ?’ ಎಂದು ಕೇಳಿ ನೋಡಿ. ಒಂದಲ್ಲ ಒಂದು ಕಥೆ ಹೊರಬರುತ್ತದೆ. ಅದು 1979ರ ಜುಲೈ. ಅಮೆರಿಕದ ಸುಮಾರು 77 ಟನ್ ತೂಕದ ಬಾಹ್ಯಾಕಾಶ ನಿಲ್ದಾಣವೊಂದು ಆಕಾಶದಿಂದ ಬೀಳಲಿದೆ, ಎಲ್ಲಿ ಬೀಳುತ್ತದೆಂಬುದು ಹಾರಿಸಿದವರಿಗೇ ಗೊತ್ತಿಲ್ಲ ಎಂಬ ಸುದ್ದಿ ದಿನವೂ ಬರುತ್ತಿತ್ತು. ಭಾರತದ ರಾಜ್ಯಗಳಲ್ಲಿ ಪೊಲೀಸರಿಗೆ ಸನ್ನದ್ಧರಾಗಿರಲು ಸೂಚನೆ ಹೋಗಿತ್ತು. ಕೊನೆಗೆ ಜುಲೈ 11ರಂದು ಅದು ಒಡೆದು, ಚೂರುಗಳು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಸುತ್ತಲಿನ ನೆಲಕ್ಕೂ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಕಸ ಹಾಕಿದ್ದಕ್ಕೆಂದು ಅಲ್ಲಿನ ಸ್ಥಳೀಯ ಆಡಳಿತ ನಾಸಾಗೆ 400 ಡಾಲರ್ ದಂಡ ಹಾಕಿತು. ಭಯ ನಗೆಯಲ್ಲಿ ಮುಗಿಯಿತು.

ಆದರೆ ನಗೆಯಲ್ಲಿ ಒಂದು ಪ್ರಶ್ನೆ ಮುಚ್ಚಿಹೋಯಿತು. ಕೊನೆಯ ಗಗನಯಾತ್ರಿಗಳು 1974ರ ಫೆಬ್ರುವರಿಯಲ್ಲಿ ಸ್ಕೈಲ್ಯಾಬನ್ನು ಬಿಟ್ಟು ಬಂದಾಗ ಅದು 430 ಕಿಲೋಮೀಟರಿಗಿಂತ ಎತ್ತರದಲ್ಲಿತ್ತು. 1983ರ ಹೊತ್ತಿನವರೆಗೂ ಅಲ್ಲೇ ಸುತ್ತುತ್ತಿರುತ್ತದೆ, ಅಷ್ಟರಲ್ಲಿ ಸ್ಪೇಸ್ ಷಟಲ್ ಸಿದ್ಧವಾಗಿ ಅದನ್ನು ಮೇಲಕ್ಕೆತ್ತುತ್ತದೆ ಎಂಬುದು ನಾಸಾದ ಲೆಕ್ಕ. ನಾಲ್ಕು ವರ್ಷ ತಪ್ಪಿದ್ದು ಎಲ್ಲಿ?

ಉತ್ತರಕ್ಕೆ ಇಪ್ಪತ್ತು ವರ್ಷ ಹಿಂದೆ ಹೋಗಬೇಕು. ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಎಷ್ಟು ದಟ್ಟವಾಗಿದೆ ಎಂಬುದರ ಬಗ್ಗೆ 1957ಕ್ಕೆ ಮೊದಲು ಇದ್ದದ್ದು ಬಹುಪಾಲು ಊಹೆ. ಆ ವರ್ಷದ ಅಕ್ಟೋಬರ್ 4ರಂದು ಹಾರಿದ ಸ್ಪುಟ್ನಿಕ್ ಮೂರೇ ತಿಂಗಳಲ್ಲಿ, 1958ರ ಜನವರಿ 4ರಂದು, ಕೆಳಗಿಳಿದು ಉರಿದುಹೋಯಿತು. ಅದನ್ನು ಕೆಳಗೆಳೆದದ್ದು ಆ ತೆಳು ಗಾಳಿಯೇ. ಹಾಗಾದರೆ ಉಪಗ್ರಹ ದಿನಕ್ಕೆ ಎಷ್ಟು ಇಳಿಯಿತು ಎಂದು ಅಳೆದರೆ ಗಾಳಿಯ ಸಾಂದ್ರತೆಯನ್ನು ಲೆಕ್ಕ ಹಾಕಬಹುದಲ್ಲ? ಬೀಳುವುದೇ ಅಳತೆಗೋಲಾಯಿತು.

ಈ ಅಳತೆಗಾಗಿ ಅಮೆರಿಕದ ಸ್ಮಿತ್ಸೋನಿಯನ್ ಖಗೋಳ ವೀಕ್ಷಣಾಲಯ ಜಗತ್ತಿನ ಹನ್ನೆರಡು ಕಡೆ ಬೇಕರ್–ನನ್ ಎಂಬ ದೊಡ್ಡ ಕ್ಯಾಮೆರಾಗಳನ್ನು ನಿಲ್ಲಿಸಿತು. ಅವುಗಳಲ್ಲಿ ಒಂದು ನಮ್ಮ ನೈನಿತಾಲಿಗೆ ಬಂತು. ಆಗ ಅಲ್ಲಿನ ವೀಕ್ಷಣಾಲಯದ ಹೊಣೆ ಹೊತ್ತಿದ್ದವರು ವೇಣು ಬಾಪು. ಮುಂದೆ ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯನ್ನು ಕಟ್ಟಿದವರು.

ಕ್ಯಾಮೆರಾಗಳಿಂದ ಬಂದ ಅಂಕಿಗಳನ್ನು ಮುಂದಿಟ್ಟುಕೊಂಡು ಕೂತವರಲ್ಲಿ ಲೂಯಿಜಿ ಯಾಕ್ಕಿಯಾ ಮುಖ್ಯರು. ಇಟಲಿ ಮೂಲದ ಇವರು ಮೊದಲಿಗೆ ಬೆಳಕು ಏರಿಳಿಯುವ ನಕ್ಷತ್ರಗಳನ್ನು ಅಭ್ಯಾಸ ಮಾಡುತ್ತಿದ್ದವರು. ಏರಿಳಿತ ಹುಡುಕುವ ಆ ಕಣ್ಣಿಗೆ ಉಪಗ್ರಹಗಳ ಇಳಿತವೂ ಒಂದೇ ಸಮನಲ್ಲ ಎಂಬುದು ಹೊಳೆಯಿತು. ಇಳಿಯುವ ವೇಗ ಸುಮಾರು 27 ದಿನಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತಿತ್ತು. ಭೂಮಿಯಿಂದ ನೋಡಿದರೆ ಸೂರ್ಯ ತನ್ನ ಸುತ್ತ ಒಂದು ಸುತ್ತು ಹಾಕಲು ಹಿಡಿಯುವುದೂ ಅಷ್ಟೇ ಕಾಲ. ಸೂರ್ಯನ ಅತಿನೇರಳೆ ಕಿರಣಗಳು ಮೇಲಿನ ಗಾಳಿಯನ್ನು ಕಾಯಿಸುತ್ತವೆ. ಕಾದ ಗಾಳಿ ಹಾಲಿನಂತೆ ಉಕ್ಕಿ ಮೇಲೇರುತ್ತದೆ. ಆಗ ಅದೇ ಎತ್ತರದಲ್ಲಿ ಹಾದುಹೋಗುವ ಉಪಗ್ರಹಕ್ಕೆ ಎದುರಾಗುವ ಗಾಳಿ ಹೆಚ್ಚು.

ತೊಡಕೆಂದರೆ, ಆ ಕಿರಣಗಳು ನೆಲ ಮುಟ್ಟುವುದಿಲ್ಲ. ಹಾಗಾಗಿ ವಿಜ್ಞಾನಿಗಳು ಅವುಗಳ ಬದಲಿಗೆ ಇನ್ನೊಂದನ್ನು ಅಳೆದರು: ಕೆನಡಾದ ಆರ್ಥರ್ ಕೋವಿಂಗ್ಟನ್ 1940ರ ದಶಕದಿಂದ ದಾಖಲಿಸುತ್ತ ಬಂದಿದ್ದ, 10.7 ಸೆಂಟಿಮೀಟರ್ ತರಂಗಾಂತರದ ಸೌರ ರೇಡಿಯೋ ಅಲೆ. ಸೂರ್ಯ ಕೆರಳಿದಾಗ ಎರಡೂ ಒಟ್ಟಿಗೆ ಏರುತ್ತವೆ. ಈ ಸಂಖ್ಯೆ ಕೊಟ್ಟರೆ ಮೇಲಿನ ಗಾಳಿಯ ಸಾಂದ್ರತೆ ಹೇಳುವ ಸೂತ್ರಗಳನ್ನು ಯಾಕ್ಕಿಯಾ 1960 ಮತ್ತು 70ರ ದಶಕಗಳಲ್ಲಿ ಕಟ್ಟಿ, ತಿದ್ದಿ, ಮತ್ತೆ ಕಟ್ಟಿದರು. ಇಂದಿನ ಮಾದರಿಗಳಲ್ಲಿ ಹಲವು ಅದೇ ವಂಶದವು.

ಈಗ ಸ್ಕೈಲ್ಯಾಬಿಗೆ ಮರಳೋಣ. ಅದರ ಆಯುಷ್ಯ ಹೇಳಲು ಎರಡು ಲೆಕ್ಕ ಬೇಕಿತ್ತು. ಸೂರ್ಯ ಮುಂದೆ ಹೇಗಿರುತ್ತಾನೆ ಎಂಬುದು ಒಂದು. ಸೂರ್ಯ ಹಾಗಿದ್ದರೆ ಗಾಳಿ ಹೇಗಿರುತ್ತದೆ ಎಂಬುದು ಇನ್ನೊಂದು. ನಾಸಾದ ಲೆಕ್ಕ ಮುಖ್ಯವಾಗಿ ಎಡವಿದ್ದು ಮೊದಲನೆಯದರಲ್ಲಿ. ಬರಲಿದ್ದ ಸೌರಚಕ್ರ ಸಪ್ಪೆಯಾಗಿರುತ್ತದೆಂದು ಅದು ನಂಬಿತ್ತು. ಹಾಗಾಗುವುದಿಲ್ಲ ಎಂದವರಿದ್ದರು. ಉಪಗ್ರಹಗಳ ಇಳಿತವನ್ನೇ ಬದುಕಾಗಿಸಿಕೊಂಡಿದ್ದ ಬ್ರಿಟನ್ನಿನ ಡೆಸ್ಮಂಡ್ ಕಿಂಗ್-ಹೀಲಿ 1973ರಲ್ಲೇ 1979 ಎಂದಿದ್ದರು. ಅಮೆರಿಕದ್ದೇ ಇನ್ನೊಂದು ಸಂಸ್ಥೆಯಾದ ನೋವಾದ ವಿಜ್ಞಾನಿಗಳೂ ಪ್ರಬಲ ಚಕ್ರದ ಮುನ್ಸೂಚನೆ ಕೊಟ್ಟಿದ್ದರು. ಸೂರ್ಯ ಅವರ ಮಾತು ನಡೆಸಿದ. ಷಟಲ್ ಮೊದಲ ಬಾರಿ ಹಾರಿದ್ದು 1981ರಲ್ಲಿ. ಅಷ್ಟರಲ್ಲಿ ಎತ್ತಲು ಏನೂ ಉಳಿದಿರಲಿಲ್ಲ. ಸೂರ್ಯನನ್ನು ಹತ್ತಿರದಿಂದ ಓದಲೆಂದೇ ದೂರದರ್ಶಕಗಳನ್ನು ಹೊತ್ತು ಹೋಗಿದ್ದ ನಿಲ್ದಾಣವನ್ನು ಸೂರ್ಯನೇ ಕೆಳಗಿಳಿಸಿದ್ದ.

ತಪ್ಪು ಸೂರ್ಯನ ಊಹೆಯದೋ ಗಾಳಿಯ ಸೂತ್ರದ್ದೋ ಎಂದು ಬೇರ್ಪಡಿಸುವ ದಾರಿ ಒಂದೇ. ಎಲ್ಲ ಮುಗಿದ ಮೇಲೆ ಸೂರ್ಯ ನಿಜಕ್ಕೂ ಹೇಗಿದ್ದನೋ ಆ ಅಂಕಿಯನ್ನೇ ಮಾದರಿಗೆ ಕೊಡಬೇಕು. ಬಂದ ಉತ್ತರವನ್ನು ಉಪಗ್ರಹ ನಿಜಕ್ಕೂ ಇಳಿದ ಲೆಕ್ಕದ ಪಕ್ಕ ಇಡಬೇಕು. ಬಾಹ್ಯಾಕಾಶ ಹವಾಮಾನದ ಮಾದರಿಗಳನ್ನು ಇಂದಿಗೂ ಹೀಗೆಯೇ ಒರೆಗೆ ಹಚ್ಚುತ್ತಾರೆ. 2000ದಲ್ಲಿ ಹಾರಿದ ಚಾಂಪ್, 2002ರ ಗ್ರೇಸ್ ಉಪಗ್ರಹಗಳಲ್ಲಿ ಗಾಳಿಯ ಎಳೆತವನ್ನು ನೇರವಾಗಿ ಗ್ರಹಿಸುವ ಸೂಕ್ಷ್ಮ ಉಪಕರಣಗಳಿದ್ದವು. ಅದುವರೆಗೆ ದಿನಗಳ ಸರಾಸರಿಯಾಗಿ ಸಿಗುತ್ತಿದ್ದ ಸಾಂದ್ರತೆ ಈಗ ದಾರಿಯುದ್ದಕ್ಕೂ, ಕ್ಷಣಕ್ಷಣಕ್ಕೆ ಸಿಗತೊಡಗಿತು. ಸರಾಸರಿಯಲ್ಲಿ ಸರಿ ಎನಿಸಿದ್ದ ಮಾದರಿಗಳು ಸೌರ ಬಿರುಗಾಳಿಯ ದಿನಗಳಲ್ಲಿ ಎಷ್ಟು ತಡವರಿಸುತ್ತವೆ ಎಂಬುದು ಕಣ್ಣಿಗೆ ಬಿತ್ತು.

ತಪ್ಪು ಒಂದೇ ದಿಕ್ಕಿನದೂ ಅಲ್ಲ. 2007ರಿಂದ 2009ರ ನಡುವೆ ಸೂರ್ಯ ಅಪರೂಪಕ್ಕೆಂಬಂತೆ ತಣ್ಣಗಿದ್ದ. ಆಗ ಮೇಲಿನ ಗಾಳಿ ನಿರೀಕ್ಷೆಗಿಂತ ಶೇ. 10ರಿಂದ 30ರಷ್ಟು ತೆಳುವಾಗಿತ್ತು. ಸೂರ್ಯನೊಬ್ಬನಿಂದ ಅದನ್ನು ಪೂರ್ತಿ ವಿವರಿಸಲಾಗಲಿಲ್ಲ. ನಾವು ಕೆಳಗೆ ಸುಡುವ ಇಂಧನದ ಇಂಗಾಲದ ಡೈಆಕ್ಸೈಡ್, ನೆಲದ ಬಳಿ ಬಿಸಿ ಹೆಚ್ಚಿಸುವ ಅದೇ ಅನಿಲ, ಅಷ್ಟೆತ್ತರದಲ್ಲಿ ಶಾಖವನ್ನು ಆಕಾಶಕ್ಕೆ ಚೆಲ್ಲಿ ಗಾಳಿಯನ್ನು ತಣಿಸುತ್ತದೆ. ಹಳೆಯ ಅಂಕಿಗಳಿಂದ ಕಟ್ಟಿದ ಸೂತ್ರ ಬದಲಾದ ಆಕಾಶಕ್ಕೆ ಹೊಂದದಿದ್ದರೆ ಅಚ್ಚರಿಯಿಲ್ಲ.

ಇದೆಲ್ಲ ಪಂಡಿತರ ಲೆಕ್ಕವೆಂದು ಬಿಡುವಂತಿಲ್ಲ. 2022ರ ಫೆಬ್ರುವರಿ 3ರಂದು 49 ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 210 ಕಿಲೋಮೀಟರ್ ಎತ್ತರಕ್ಕೆ ಹೋದವು. ಮರುದಿನದ ಬಿರುಗಾಳಿ ದೊಡ್ಡದೇನಲ್ಲ, ಸಾಧಾರಣದ್ದು. ಆದರೂ ಗಾಳಿಯ ಎಳೆತ ಹಿಂದಿನ ಉಡಾವಣೆಗಳಿಗಿಂತ ಶೇ. 50ರವರೆಗೆ ಏರಿ, 38 ಉಪಗ್ರಹಗಳು ಕೆಳಗುರುಳಿದವು. ಇಂದು ಸಾವಿರಾರು ಉಪಗ್ರಹಗಳು ಒಂದರ ಬಳಿ ಒಂದು ಹಾಯುತ್ತಿವೆ. ಯಾವುದು ನಾಳೆ ಎಲ್ಲಿರುತ್ತದೆ ಎಂಬ ಲೆಕ್ಕ ತಪ್ಪಿದರೆ ಡಿಕ್ಕಿ ತಪ್ಪಿಸುವುದೂ ಕಷ್ಟ.

ಬಾಪು ಕಟ್ಟಿದ ಸಂಸ್ಥೆ ತಯಾರಿಸಿದ ಸೂರ್ಯದರ್ಶಕವೊಂದು ಈಗ ಆದಿತ್ಯ-ಎಲ್1 ನೌಕೆಯಲ್ಲಿ, 15 ಲಕ್ಷ ಕಿಲೋಮೀಟರ್ ದೂರದಲ್ಲಿ ಕೂತು ಸೂರ್ಯನನ್ನು ನೋಡುತ್ತಿದೆ. ಸೂರ್ಯನ ಊಹೆ ಇದರಿಂದ ಸುಧಾರಿಸಬಹುದು. ಗಾಳಿಯ ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯಲು ಮಾತ್ರ, ಯಾಕ್ಕಿಯಾ ಕಾಲದಂತೆ ಈಗಲೂ, ಏನು ಎಷ್ಟು ಇಳಿಯಿತು ಎಂದು ನೋಡಲೇಬೇಕು.