ಆಂಡರ್ಸನ್ ಕೋವಿ ಮತ್ತು ಹಿತ್ತಾಳೆ ತೋಟಾ

ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ ಓದಿದವರಿಗೆ ನರಭಕ್ಷಕಗಳು ನೆನಪಿರ್ತವೆ, ಕೋವಿ ಮರೆತುಹೋಗಿರುತ್ತೆ. ಅದು .405 ವಿಂಚೆಸ್ಟರ್, 1895ರ ಮಾದರಿ. ಟ್ರಿಗರ್ ಸುತ್ತಲಿನ ಲಿವರ್ ಕೆಳಗೆಳೆದು ಮೇಲಕ್ಕೊತ್ತಿದರೆ ಮುಂದಿನ ತೋಟಾ ರೆಡಿ. 1904ರಲ್ಲಿ ಬಂದ ತೋಟಾ ಅದು. ರೈಫಲ್ ತಯಾರಿಕೆ 1930ರ ದಶಕದಲ್ಲೇ ಬಹುತೇಕ ನಿಂತಿತು. ಇಂಥ ಹಳೇ ಕೋವಿಗೆ ಖಾಲಿ ಹಿತ್ತಾಳೆಯೇ ಆಸ್ತಿ, ಅದನ್ನೇ ಮತ್ತೆ ತುಂಬಬೇಕು.

ನಮ್ಮ ಹುಣಸೂರು, ಎಚ್.ಡಿ.ಕೋಟೆ ಕಡೆಯ ಕೇಪಿನ ಕೋವಿಗೆ ಈ ರಗಳೆಯಿಲ್ಲ. ನಳಿಗೆ ಬಾಯಿಂದ ಮದ್ದು, ಚರೆ ಹಾಕಿ ಗಜದಲ್ಲಿ ಜಡಿದರಾಯ್ತು.

ತೋಟಾ ಕೋವಿಯಲ್ಲಿ ಚೇಂಬರ್ ಅಳತೆ ಮೀರಿದ್ದರೆ ಹೊಡೆದಾಗ ಹಿತ್ತಾಳೆ ಅಷ್ಟಕ್ಕೂ ಉಬ್ಬುತ್ತೆ. ಅಚ್ಚಿಗೆ ಹಾಕಿ ಹಿಂಡಬೇಕು, ಮತ್ತೆ ಉಬ್ಬುತ್ತೆ. ತಂತಿಯನ್ನ ಬಗ್ಗಿಸಿ ಬಗ್ಗಿಸಿ ಮುರೀತೀವಲ್ಲ, ಹಾಗೇ. ಬುಡದ ಹತ್ತಿರ ಸೀಳಿದರೆ ಬಿಸಿ ಗಾಳಿ ನುಗ್ಗೋದು ಹೊಡೆಯೋನ ಕಣ್ಣಿಗೆ!

ಸುಲಭದ ದಾರಿ, ಒಡಲನ್ನು ಉಬ್ಬಿದಂತೆಯೇ ಬಿಟ್ಟು ಗುಂಡು ಹಿಡಿಯುವಷ್ಟು ಬಾಯಿ ಮಾತ್ರ ಬಿಗಿ ಮಾಡೋದು. ಆದರೆ ಆ ತೋಟಾ ಆ ಕೋವಿಗಷ್ಟೇ. ಬಿಗಿಯಾದ ತೋಟಾವನ್ನು ಒಳಗೆ ನೂಕುವ ಬಲ ಲಿವರ್‌ಗೆ ಕಮ್ಮಿ ಬೇರೆ. ನಿಜವಾದ ರಿಪೇರಿ ಅಂದ್ರೆ ನಳಿಗೆಯನ್ನು ತುಸು ಹಿಂದೆ ಕೂರಿಸಿ ಚೇಂಬರನ್ನೇ ಹೊಸದಾಗಿ ಕೊರೆಯೋದು. ಅದು ಲೈಸೆನ್ಸ್ ಇರುವ ಕೋವಿ ಮಿಸ್ತ್ರಿಯ ಕೆಲಸ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಶಿಕಾರಿ ಕಾಲ ಮುಗೀತು. 1974ರಲ್ಲಿ ಆಂಡರ್ಸನ್ ತೀರಿಕೊಂಡ.