ನಾಡಿಯೋ, ಉಸಿರೋ? ಹೈದರಾಬಾದಿನ ಕ್ಲೋರೋಫಾರಂ ಆಯೋಗಗಳು

ಶಸ್ತ್ರಚಿಕಿತ್ಸೆಗೆ ಒಳಗಾಗಲಿರುವ ರೋಗಿಯ ಬಂಧುಗಳಿಗೆ ಕತ್ತಿಯ ಭಯಕ್ಕಿಂತ ನಿದ್ದೆಯ ಭಯವೇ ಹೆಚ್ಚು. ಕುಮಟಾ ಸೀಮೆಯ ಬಾಡದಂಥ ಊರುಗಳಲ್ಲಿ ಹಿರಿಯರು, ಮದ್ದು ಕೊಟ್ಟು ಮಲಗಿಸಿದ ಮೇಲೆ ಎಚ್ಚರವಾಗುವುದು ಖಂಡಿತವೇ ಎಂದು ಇಂದಿಗೂ ಕೇಳುವುದುಂಟು. ಇದು ಅಜ್ಞಾನದ ಪ್ರಶ್ನೆಯಲ್ಲ. ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ವೈದ್ಯಲೋಕವನ್ನೇ ಎರಡು ಪಕ್ಷಗಳಾಗಿ ಒಡೆದ ಪ್ರಶ್ನೆಯಿದು. ಅದರ ನಿರ್ಣಯಕ್ಕಾಗಿ ನಡೆದ ಬಹು ದೊಡ್ಡ ಪ್ರಯೋಗವೊಂದು ನಮ್ಮ ನೆರೆಯ ಹೈದರಾಬಾದಿನಲ್ಲಿ ಜರುಗಿತು. ಅಂದು ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ನಿಜಾಮರ ಆಳಿಕೆಗೆ ಸೇರಿದ್ದುದರಿಂದ ಆ ನಗರವು ಕನ್ನಡ ನಾಡಿನ ಒಂದು ಭಾಗಕ್ಕೂ ರಾಜಧಾನಿಯಾಗಿತ್ತು.

1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬವನು ಈಥರಿನ ಆವಿಯಿಂದ ಅರಿವಳಿಕೆಯನ್ನು ಸಾರ್ವಜನಿಕವಾಗಿ ಮಾಡಿ ತೋರಿಸಿದನು. ಮರುವರ್ಷದ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಮನ್ನು ಬಳಕೆಗೆ ತಂದನು. ಕಲಕತ್ತೆಯಲ್ಲಿ 1847ರಲ್ಲಿಯೇ ಈಥರಿನ ಬಳಕೆಯಾಯಿತು. 1848ರ ಜನವರಿಯಲ್ಲಿ ಕ್ಲೋರೋಫಾರಂ ಅದನ್ನು ಹಿಂಬಾಲಿಸಿತು. ಈಥರ್ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕುದಿಯುವಂಥ, ದೀಪದ ಬಳಿ ಹೊತ್ತಿಕೊಳ್ಳುವಂಥ ದ್ರವ. ಕ್ಲೋರೋಫಾರಮಾದರೋ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಸ್ವಲ್ಪದರಲ್ಲಿಯೇ ಬೇಗನೆ ಕೆಲಸಮಾಡುತ್ತದೆ. ನಮ್ಮಂಥ ಉಷ್ಣದೇಶಕ್ಕೆ ಅದೇ ಅನುಕೂಲವೆನಿಸಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕಾಸಲ್ ಸಮೀಪದಲ್ಲಿ ಹದಿನೈದು ವರ್ಷದ ಹ್ಯಾನಾ ಗ್ರೀನರ್ ಎಂಬ ಹುಡುಗಿ, ಕಾಲ್ಬೆರಳಿನ ಉಗುರನ್ನು ತೆಗೆಯುವ ಅಲ್ಪ ಚಿಕಿತ್ಸೆಗಾಗಿ ಕ್ಲೋರೋಫಾರಂ ಸೇವಿಸಿ, ಕೆಲವೇ ನಿಮಿಷಗಳಲ್ಲಿ ಮೃತಳಾದಳು. ಆ ಸಾವಿನ ಕಾರಣ ಇಂದಿಗೂ ಚರ್ಚಾಸ್ಪದವೇ ಆಗಿದೆ. ಅಂಥ ಸಾವುಗಳು ಮರುಕಳಿಸಿದಂತೆ, ಈ ಔಷಧವು ಮೊದಲು ನಿಲ್ಲಿಸುವುದು ಹೃದಯವನ್ನೋ, ಉಸಿರನ್ನೋ ಎಂಬ ವಾದ ಎದ್ದಿತು. ಲಂಡನ್ನಿನ ಜಾನ್ ಸ್ನೋ, ಆವಿಯ ಪ್ರಮಾಣ ಮೀರಿದರೆ ಹೃದಯವೇ ಹಠಾತ್ತನೆ ನಿಲ್ಲಬಹುದೆಂದು ಎಚ್ಚರಿಸಿದನು. ಅವನ ಅನಂತರ ಬಂದ ಕ್ಲೋವರ್ ಎಂಬವನು ರೋಗಿಯ ನಾಡಿಯ ಮೇಲೆ ಸದಾ ಬೆರಳಿಟ್ಟಿರುತ್ತಿದ್ದನು. ಎಡಿನ್‌ಬರೋದ ಸೈಮ್ ಮಾತ್ರ, ನೋಡಬೇಕಾದುದು ಉಸಿರಾಟವನ್ನು, ನಾಡಿಯನ್ನಲ್ಲ ಎಂದು ಬೋಧಿಸಿದನು.

ಈ ಸೈಮನ ಶಿಷ್ಯನಾದ ಎಡ್ವರ್ಡ್ ಲಾರಿ 1885ರಲ್ಲಿ ಹೈದರಾಬಾದಿನ ರೆಸಿಡೆನ್ಸಿ ವೈದ್ಯನಾಗಿ ಬಂದನು. ಅಲ್ಲಿಯ ವೈದ್ಯಶಾಲೆಯ ಆಡಳಿತವೂ ಅವನ ಕೈಗೆ ಸೇರಿತು. ಗುರುವಿನ ಮತವನ್ನು ಆತನು ಅಚಲವಾಗಿ ನಂಬಿದ್ದನು. ಅವನ ಕೈಕೆಳಗೆ ಕಲಿತವರಲ್ಲಿ, ಕ್ಲೋರೋಫಾರಂ ಕೊಡುವ ಕೆಲಸದಲ್ಲಿ ಹೆಸರು ಪಡೆದ ರೂಪಾಬಾಯಿ ಫರ್ದೂನ್‌ಜಿ ಎಂಬಾಕೆಯೂ ಒಬ್ಬಳು. ತನ್ನ ಮತವನ್ನು ಪ್ರಯೋಗದಿಂದ ಸ್ಥಾಪಿಸಲು ಲಾರಿಯು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ನೆರವಿನಿಂದ 1888ರಲ್ಲಿ ಮೊದಲನೆಯ ಆಯೋಗವನ್ನು ಏರ್ಪಡಿಸಿದನು. ನಾಯಿಗಳ ಮೇಲೆ ನಡೆದ ಪ್ರಯೋಗಗಳೆಲ್ಲವೂ ಉಸಿರು ಮೊದಲು ನಿಲ್ಲುವುದೆಂದೇ ತೋರಿಸಿದುವು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಒಪ್ಪಲಿಲ್ಲ. ಆಗ ಪತ್ರಿಕೆಯವರೇ ತಜ್ಞನೊಬ್ಬನನ್ನು ಕಳುಹಿಸಲೆಂದು ನಿಜಾಮನ ಕಡೆಯಿಂದ ಒಂದು ಸಾವಿರ ಪೌಂಡುಗಳನ್ನು ನೀಡಲಾಯಿತು. 1889ರ ಅಕ್ಟೋಬರಿನಲ್ಲಿ ಲಾಡರ್ ಬ್ರಂಟನ್ ಬಂದಿಳಿದನು. ಆತನು ಹೃದಯದ ಅಪಾಯವನ್ನು ನಂಬಿದ್ದವನು. ನಾಯಿ, ಕೋತಿ, ಕುದುರೆ, ಆಡು, ಬೆಕ್ಕು, ಮೊಲಗಳ ಮೇಲೆ ನಾನೂರಕ್ಕೂ ಮಿಕ್ಕ ಪ್ರಯೋಗಗಳು ನಡೆದುವು. ಹಲವದರಲ್ಲಿ ರಕ್ತದ ಒತ್ತಡವನ್ನು ಯಂತ್ರದಿಂದ ಗುರುತಿಸಲಾಯಿತು. ಕೊನೆಗೆ ಬ್ರಂಟನನೇ ಮನಸ್ಸು ಬದಲಿಸಿ, ಅಪಾಯವಿರುವುದು ಉಸಿರು ಕಟ್ಟುವುದರಲ್ಲಿ ಮತ್ತು ಮಿತಿಮೀರಿದ ಪ್ರಮಾಣದಲ್ಲಿ, ಹೃದಯಕ್ಕೆ ನೇರವಾಗಿ ಏನೂ ಅಪಾಯವಿಲ್ಲ ಎಂದು ಲಂಡನ್ನಿಗೆ ತಂತಿ ಕಳುಹಿಸಿದನು.

ಆದರೂ ವಾದ ಮುಗಿಯಲಿಲ್ಲ. ಕೇಂಬ್ರಿಜಿನಲ್ಲಿ ಗ್ಯಾಸ್ಕೆಲ್ ಮತ್ತು ಶೋರ್ ಎಂಬವರು 1893ರಲ್ಲಿ ಪ್ರಕಟಿಸಿದ ಪ್ರಯೋಗಗಳು ಕ್ಲೋರೋಫಾರಂ ಹೃದಯವನ್ನು ನೇರವಾಗಿಯೇ ದುರ್ಬಲಗೊಳಿಸುವುದೆಂದು ತೋರಿಸಿದುವು. 1911ರಲ್ಲಿ ಗುಡ್‌ಮನ್ ಲೆವಿ ನಿರ್ಣಾಯಕ ಸಂಗತಿಯನ್ನು ಕಂಡುಹಿಡಿದನು. ಬೆಕ್ಕುಗಳ ಮೇಲಿನ ಅವನ ಪ್ರಯೋಗಗಳಲ್ಲಿ, ಅರಿವಳಿಕೆಯು ಹಗುರವಾಗಿದ್ದಾಗಲೇ, ವಿಶೇಷವಾಗಿ ಅಡ್ರಿನಲಿನ್ ರಕ್ತಕ್ಕೆ ಸೇರಿದಾಗ, ಹೃದಯದ ಕುಕ್ಷಿಗಳು ಲಯತಪ್ಪಿ ಕಂಪಿಸಿ ಒಮ್ಮೆಗೇ ನಿಂತುಹೋದುವು. ಅಂಜಿದ ಮನುಷ್ಯನ ದೇಹದಲ್ಲಿ ಅಡ್ರಿನಲಿನ್ ತಾನಾಗಿಯೇ ಹೆಚ್ಚುವುದೆಂಬುದನ್ನು ನೆನೆದರೆ, ಅಲ್ಪ ಚಿಕಿತ್ಸೆಗಳ ಆರಂಭದಲ್ಲಿಯೇ ಸಾವು ಸಂಭವಿಸುತ್ತಿದ್ದುದರ ಮರ್ಮ ತಿಳಿಯುತ್ತದೆ.

ಹಾಗಾದರೆ ಹೈದರಾಬಾದಿನ ಆಯೋಗವು ಎಲ್ಲಿ ತಪ್ಪಿತು? ನಿಜಾಮನ ಹಣವೇ ತೀರ್ಪನ್ನು ಕೊಂಡಿತೆನ್ನುವುದು ಯುಕ್ತವಲ್ಲ. ವಿರುದ್ಧ ಮತದವನೇ ಬಂದು, ಕಣ್ಣಾರೆ ಕಂಡು ಒಪ್ಪಿದನಷ್ಟೆ. ಪ್ರಯೋಗಗಳ ಸಂಖ್ಯೆಯೂ ಕಡಿಮೆಯಾಗಿರಲಿಲ್ಲ. ದೋಷವಿದ್ದುದು ಅನುಮಾನದ ಕ್ರಮದಲ್ಲಿ. ಪ್ರಾಣಿಗಳಿಗೆ ಬಹುಮಟ್ಟಿಗೆ ಗಾಢವಾಗುವತನಕ ಆವಿಯನ್ನು ಕೊಟ್ಟುದರಿಂದ ಉಸಿರೇ ಮೊದಲು ನಿಂತಿತು. ನಾನೂರು ಸಲ ಕಾಣದುದು ಎಂದೂ ಸಂಭವಿಸದು ಎಂದು ಆಯೋಗವು ನಿರ್ಣಯಿಸಿತು. ಉಸಿರಾಟವನ್ನು ಬಿಡದೆ ನೋಡಬೇಕೆಂಬ ಅದರ ವಿಧಿ ಸರಿಯಾದುದೇ. ಅದರಿಂದ ಅನೇಕರ ಜೀವ ಉಳಿದಿರಬೇಕು. ಆದರೆ ನಾಡಿಯನ್ನು ನೋಡಬೇಕಾಗಿಲ್ಲವೆಂಬ ನಿಷೇಧವು ಅದರೊಡನೆ ಸೇರಿಕೊಂಡಿತು. ಆ ನಿಷೇಧಕ್ಕೆ ಬೆಲೆ ತೆತ್ತವರು ಆಯೋಗದ ಸದಸ್ಯರಲ್ಲ, ಮೇಜಿನ ಮೇಲೆ ಮಲಗಿದ ರೋಗಿಗಳು.

ಮುಂದಿನ ಪ್ರಗತಿಯಾದುದು ಪಕ್ಷವಾದದಿಂದಲ್ಲ, ದಾಖಲೆಯಿಂದ. 1894ರ ಸುಮಾರಿಗೆ ಬಾಸ್ಟನ್ನಿನಲ್ಲಿ ಕಾಡ್‌ಮನ್ ಮತ್ತು ಕುಷಿಂಗ್ ಎಂಬ ವಿದ್ಯಾರ್ಥಿಗಳು, ಅರಿವಳಿಕೆಯ ಕಾಲದಲ್ಲಿ ರೋಗಿಯ ನಾಡಿ, ಉಸಿರುಗಳನ್ನು ಹಾಳೆಯ ಮೇಲೆ ಬರೆದಿಡತೊಡಗಿದರು. 1901ರಲ್ಲಿ ಕುಷಿಂಗ್ ಇಟಲಿಯಿಂದ ರೀವ-ರೋಚಿಯ ರಕ್ತದೊತ್ತಡದ ಯಂತ್ರವನ್ನು ಅಮೆರಿಕೆಗೆ ತಂದನು. 1974ರಲ್ಲಿ ಜಪಾನಿನ ತಕುಓ ಅಓಯಾಗಿಯು ಪಲ್ಸ್ ಆಕ್ಸಿಮೀಟರಿನ ತತ್ತ್ವವನ್ನು ಪ್ರಕಟಿಸಿದನು. ಬೆರಳ ತುದಿಗೆ ಸಿಕ್ಕಿಸುವ ಈ ಉಪಕರಣವು ನಾಡಿಯ ಗತಿಯನ್ನೂ ರಕ್ತದಲ್ಲಿಯ ಆಮ್ಲಜನಕವನ್ನೂ ಒಟ್ಟಿಗೆ ತಿಳಿಸುತ್ತದೆ. ಆದರೆ ಉಸಿರು ನಿಂತ ಕ್ಷಣದಲ್ಲಿಯೇ ಅದು ಸೂಚಿಸಲಾರದು. ಆದುದರಿಂದ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಯಂತ್ರವೂ ಬೇಕಾಯಿತು. 1986ರಲ್ಲಿ ಹಾರ್ವರ್ಡಿನ ಆಸ್ಪತ್ರೆಗಳು ಪ್ರಕಟಿಸಿದ ನಿಯಮಗಳಂತೆ, ಅರಿವಳಿಕೆ ಕೊಡುವವನು ರೋಗಿಯನ್ನು ಬಿಟ್ಟು ಕದಲಕೂಡದು; ರಕ್ತದೊತ್ತಡವನ್ನೂ ಹೃದಯದ ಬಡಿತವನ್ನೂ ಕನಿಷ್ಠ ಐದು ನಿಮಿಷಕ್ಕೊಮ್ಮೆ ನೋಡಬೇಕು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತೆಯ ಪಟ್ಟಿಯಲ್ಲಿ ಆಕ್ಸಿಮೀಟರ್ ಕೆಲಸಮಾಡುತ್ತಿದೆಯೇ ಎಂಬ ಪ್ರಶ್ನೆಯೂ ಸೇರಿತು. ಕ್ಲೋರೋಫಾರಮಾದರೋ ಬಳಕೆಯಿಂದಲೇ ಮರೆಯಾಗಿದೆ.

ಇತಿಹಾಸದ ವಿದ್ಯಾರ್ಥಿಗೆ ಈ ಪ್ರಕರಣವು ಕೇವಲ ವೈದ್ಯಶಾಸ್ತ್ರದ ಸಂಗತಿಯಲ್ಲ. ಶಾಸನಗಳನ್ನೂ ದಫ್ತರಗಳನ್ನೂ ಪರಿಶೀಲಿಸುವಾಗ ನಾವೂ, ಉಲ್ಲೇಖವಿಲ್ಲವಾದುದರಿಂದ ಘಟನೆಯೇ ಇಲ್ಲವೆಂದು ಎಷ್ಟೋ ಸಲ ತೀರ್ಮಾನಿಸುತ್ತೇವೆ. ನಮ್ಮ ತಪ್ಪಿನಿಂದ ಯಾರ ಪ್ರಾಣವೂ ಹೋಗದಿರುವುದರಿಂದ ಅದು ಬೇಗನೆ ಬೆಳಕಿಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಬಾಡದ ಹಿರಿಯರ ಪ್ರಶ್ನೆಗೆ ಇಂದು ವೈದ್ಯನು ಮೊದಲಿಗಿಂತ ಹೆಚ್ಚಿನ ಧೈರ್ಯದಿಂದ ಉತ್ತರ ಹೇಳಬಲ್ಲನು. ಉಸಿರು, ನಾಡಿ ಎರಡನ್ನೂ ಒಂದು ಗಳಿಗೆಯೂ ಬಿಡದೆ ನೋಡುವವರು ರೋಗಿಯ ತಲೆದೆಸೆಯಲ್ಲಿ ಇರುವತನಕ ಆ ಧೈರ್ಯಕ್ಕೆ ಆಧಾರವುಂಟು.